ಸಿವಿಯಲ್ಲಿ ಕುರಿಗಳಿಗೆ ಜಾಗ

ರಾಯಚೂರಿಗೆ ಬಂದ ವಾರದಲ್ಲೇ ಒಬ್ಬ ನನ್ನ ಅಪ್ಪನ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿದ. ಅದರ ಹಿಂದೆಯೇ ಜಾತಿ, ಗೋತ್ರ, ಎತ್ತರವೂ ಹೋದವು. "ಇದು ಹೆಣ್ಣು ನೋಡಾಕ ಕೊಡೋ ಬಯೋಡಾಟಾ ಅಲ್ಲಲೇ, ಸಿವಿ," ಎಂದ. ಅವನು ಖಾಜಾ, ನನ್ನ ರೂಮಿನ ಜೊತೆಗಾರ. ಬೀಜದ ಅಂಗಡಿಯೊಂದರಲ್ಲಿ ನೌಕರಿ ಹಿಡಿದಿದ್ದ. ಅಷ್ಟರ ಮಟ್ಟಿಗೆ ನನಗೆ ಗುರು.

ಊರಲ್ಲಿರುವ ನಿಮಗೆ ಇದು ಅವಮಾನ ಅನಿಸಬಹುದು. ಬಾಗಲವಾಡದಲ್ಲಿ ನಮ್ಮ ಪರಿಚಯ ಶುರುವಾಗುವುದೇ ಅಪ್ಪನಿಂದ. ಯಾರ ಮಗ ಎಂದು ತಿಳಿದರೆ ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ. ಇಲ್ಲಿ ಕೇಳುವುದು ಏನು ಮಾಡಿದ್ದೀರಿ, ಯಾವಾಗಿನಿಂದ ಯಾವಾಗಿನವರೆಗೆ ಎಂದು. ಮನೆ ಮಾಲಕಿ ಅರ್ಧ ತೆಲುಗಿನಲ್ಲಿ ನೀರಿನ ಮೋಟಾರು ಬಂದ್ ಮಾಡಲು ಹೇಳುವುದು ನನಗೆ ಬೇಗ ಅರ್ಥವಾಯಿತು. ಖಾನಾವಳಿಯ ತೆಳ್ಳನೆ ರೊಟ್ಟಿ ರೂಢಿಯಾಯಿತು. ಆ 'ಯಾವಾಗಿನಿಂದ' ಮಾತ್ರ ಗಂಟಲಲ್ಲಿ ಉಳಿಯಿತು.

ಗ್ರಾಮೀಣಾಭಿವೃದ್ಧಿಯಲ್ಲಿ ಎಂ.ಎ. ಮುಗಿದ ಮೇಲೆ ಎರಡು ವರ್ಷ ನಾನು ಅಕ್ಕ ಮಲ್ಲಮ್ಮನ ಕುರಿ ಹಿಂಡಿನ ಜೊತೆಗಿದ್ದೆ; ಮಾನ್ವಿಯಿಂದ ದೇವದುರ್ಗದ ಕಡೆಗೆ, ಸುಗ್ಗಿ ಮುಗಿದ ಹೊಲದಿಂದ ಹೊಲಕ್ಕೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ನಮಗೆ ಜೋಳ. ಈಗ ಜಾನುವಾರು ಆರೋಗ್ಯದ ಸಂಸ್ಥೆಯೊಂದು ಹಳ್ಳಿ ಸುತ್ತುವ ಕೆಲಸಕ್ಕೆ ಅರ್ಜಿ ಕರೆದಿತ್ತು. ನಾನು ಓದಿದ್ದೂ ಮೇಯಿಸಿದ್ದೂ ಒಂದೇ ಕಡೆ ಕೂಡುವ ಕೆಲಸ ಇನ್ನೊಂದು ಸಿಗುವುದಿಲ್ಲವೆಂದು ಗೊತ್ತಿತ್ತು. ಅದನ್ನು ಬಿಡುವ ಮನಸ್ಸಿರಲಿಲ್ಲ.

"ಆ ಎರಡು ವರ್ಷಕ್ಕ ಕೆಎಎಸ್ ತಯಾರಿ ಅಂತ ಬರಿ," ಎಂದ ಖಾಜಾ. "ರಾಯಚೂರಾಗ ಖಾಲಿ ಕುಂತವ್ರೆಲ್ಲಾ ಅದನ್ನ ಬರಿಯೋದು."

"ನಾ ಖಾಲಿ ಕುಂತಿದ್ದಿಲ್ಲ."

"ಹಂಗಾರ ಕುರಿ ಅಂತ ಬರಿ. ಕೆಳಗ 'ಬ್ಯಾ' ಅಂತ ಸಹಿ ಮಾಡು."

ಬರೆದೇಬಿಟ್ಟೆ: 'ಕುರಿ ಹಿಂಡಿನ ನಿರ್ವಹಣೆ, ರೈತರೊಂದಿಗೆ ಮಾತುಕತೆ ನಡೆಸಿ ಒಪ್ಪಂದ.' ಬರೆದ ಮೇಲೆ ಅನುಮಾನ ಹತ್ತಿತು. ದೇವದುರ್ಗದ ಹೊಲವೊಂದರ ಬದುವಿನ ಮೇಲೆ ನಿಂತು ನಾನು ಚೌಕಾಸಿ ಮಾಡುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಆ ಚಿತ್ರದಲ್ಲಿ ನನ್ನ ಮುಖ ನನಗೇ ಕಾಣುತ್ತಿತ್ತು. ಅಲ್ಲಿ ನಿಂತವನಿಗೆ ತನ್ನ ಮುಖ ಕಾಣುವುದು ಹೇಗೆ? ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

"ನೀ ಯಾವಾಗ ಮಾತಾಡಿದ್ಯೋ ಯಪ್ಪಾ?" ಅಕ್ಕ ನಕ್ಕಳು. "ಮಾತಾಡಾಕಿ ನಾನು. ನೀ ಜಾಲಿ ಗಿಡದ ಕೆಳಗ ಪುಸ್ತಕ ಹಿಡಕೊಂಡು ಕುಂತಿರ್ತಿದ್ದಿ. ಹೊಲದ ಗೌಡ್ರು ಕೇಳ್ತಿದ್ರು, ಆ ಹುಡುಗಗ ಮಾತು ಬರೂದಿಲ್ಲೇನು ಅಂತ."

"ಹಂಗಾರ ನಾ ಏನೂ ಮಾಡಿಲ್ಲೇನಕ್ಕಾ?"

"ದವಾಖಾನಿಗೆ ಯಾರು ಓಡ್ಯಾಡಿದ್ರು ಮತ್ತ? ಮರಿಗೆ ಭೇದಿ ಹತ್ತಿ ಸಾಯಾಕತ್ತಿದ್ವು. ನೀನ ಡಾಕ್ಟರನ್ನ ಗಾಡಿ ಮ್ಯಾಲೆ ಕುಂದ್ರಿಸಿಕೊಂಡು ಬಂದಿ. ಮರ್ತಿ?"

ಮರೆತಿದ್ದೆ. ಆದರೆ ನನ್ನ ನೆನಪಿನಂತೆ ಅಕ್ಕನದೂ ತಪ್ಪಬಹುದಲ್ಲ? ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಪಶು ಆಸ್ಪತ್ರೆಯ ವೈದ್ಯರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ನೀವಲ್ಲೇನ್ರಿ, ಗಾಡಿ ಸಮೇತ ನನ್ನ ಹಳ್ಳದಾಗ ಕೆಡವಿದವ್ರು!"

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ನಮ್ಮ ಬಗ್ಗೆ ಯಾರನ್ನು ವಿಚಾರಿಸಬಹುದು ಎಂದು ಸಿವಿಯ ಕೊನೆಯಲ್ಲಿ ಹೇಳಬೇಕಾಗುತ್ತದೆ. ಅಲ್ಲಿ ಅವರ ಹೆಸರು ಹಾಕಲು ಒಪ್ಪಿಗೆ ಕೇಳಿದೆ. ನಗುತ್ತಲೇ ಕೊಟ್ಟರು. ರೂಮಿಗೆ ಮರಳಿ 'ಒಪ್ಪಂದ'ವನ್ನು ಹೊಡೆದುಹಾಕಿ, 'ಮರಿಗಳ ರೋಗ ಕಂಡು ವೈದ್ಯರನ್ನು ಹಿಂಡಿನ ಬಳಿಗೇ ಕರೆತಂದದ್ದು' ಎಂದು ಬರೆದೆ. ಮೊದಲಿನಷ್ಟು ದೊಡ್ಡ ಮಾತಲ್ಲ, ಆದರೆ ಯಾರು ಕೆದಕಿದರೂ ಬೀಳುವುದಿಲ್ಲ.

ಸಂದರ್ಶನದಲ್ಲಿ ಕೆದಕಿದ್ದೂ ಅದೊಂದೇ ಸಾಲನ್ನು. ಕೆಲಸ ಸಿಕ್ಕಿತು.

ಮೊದಲ ತಿರುಗಾಟದಲ್ಲೇ ಕುರ್ಡಿಯ ಹತ್ತಿರ ಅಕ್ಕನ ಹಿಂಡು ಸಿಕ್ಕಿತು. ಲಸಿಕೆಯ ಪೆಟ್ಟಿಗೆ ಹಿಡಿದು ಹೋದ ನನ್ನನ್ನು ನೋಡಿ "ಬರ್ರಿ ಸಾಹೇಬ್ರ" ಎಂದು ಚೇಷ್ಟೆ ಮಾಡಿದಳು. ನಾನೂ ನಕ್ಕೆ. ಆಮೇಲೆ ಕಂಬಳಿ ಕೊಡವಿ, ಬೇವಿನ ನೆರಳಲ್ಲಿ ಹಾಸಿ, "ಕುಂದರು" ಎಂದಳು. ಅದು ಚೇಷ್ಟೆಯಾಗಿರಲಿಲ್ಲ. ನಮ್ಮಲ್ಲಿ ಕಂಬಳಿ ಹಾಸುವುದು ಬಂದವರಿಗೆ. ಮನೆಯವರು ನೆಲದ ಮೇಲೆಯೇ ಕೂಡುತ್ತಾರೆ.

ನಾನು ಪೆಟ್ಟಿಗೆಯನ್ನು ಕಂಬಳಿಯ ಮೇಲಿಟ್ಟು ನೆಲದ ಮೇಲೆ ಕುಳಿತೆ.

"ಏಳಪ್ಪಾ," ಎಂದಳು ಅಕ್ಕ, "ಪ್ಯಾಂಟಿಗೆ ಮಣ್ಣು ಹತ್ತತದ."