ಗುಡ್ಡೆ ಆರಿಸುವ ಅಧಿಕಾರ

ಮೆಹದಿಪಟ್ಟಣಂನಿಂದ ಬಸ್ಸು ಹಿಡಿದು ಪಡುವಲಕ್ಕೆ ಹೋದರೆ, ಈಗ ಗಾಜಿನ ಕಟ್ಟಡಗಳು ನಿಂತಿರುವಲ್ಲಿ, ಅಪ್ಪನಿಗೊಂದು ಕಲ್ಲುನೆಲವಿತ್ತು. ಬೆಳೆಯುತ್ತಿದ್ದದ್ದು ಹುಲ್ಲೊಂದೇ. ಕೊಯ್ಯುತ್ತಿದ್ದವಳು ಬೀದರ ಕಡೆಯಿಂದ ಬಂದು ಪಕ್ಕದಲ್ಲೇ ಎಮ್ಮೆ ಕಟ್ಟಿಕೊಂಡಿದ್ದ ಒಬ್ಬ ಅಕ್ಕ.

ಕರಾರು ಬಾಯಿಮಾತಿನದು. ಕೊಯ್ದವಳು ಹುಲ್ಲನ್ನು ಎರಡು ಗುಡ್ಡೆ ಮಾಡಬೇಕು, ನೆಲದವನು ಮೊದಲು ಆರಿಸಬೇಕು. ಹೀಗಾಗಿ ಗುಡ್ಡೆಗಳು ಯಾವಾಗಲೂ ಸಮ. ಆದರೂ ಅಪ್ಪ ಹೈಕೋರ್ಟಿನ ಗಾಂಭೀರ್ಯದಿಂದ ಎರಡನ್ನೂ ಸುತ್ತಿ ಬಂದು, ಕೆಮ್ಮಿ, ಕೊಡೆಯ ತುದಿಯಿಂದ ಒಂದನ್ನು ತೋರಿಸುವರು. ನಮ್ಮ ಮನೆಯಲ್ಲಿ ಹುಲ್ಲು ತಿನ್ನುವ ಪ್ರಾಣಿ ಯಾವುದೂ ಇರಲಿಲ್ಲ. ಆ ಗುಡ್ಡೆಯೂ ಅವಳ ಎಮ್ಮೆಗಳಿಗೇ ಹೋಗಿ, ಬೇಸಿಗೆತನಕ ನಮಗೆ ಹಾಲಾಗಿ ಬರುತ್ತಿತ್ತು.

"ಹೆಂಗೂ ಎರಡೂ ನಿಮ್ಮ ಎಮ್ಮಿಗೇ ಅಲ್ಲೇನಕ್ಕಾ? ಆರಿಸೂದ್ಯಾಕ?" ಎಂದು ನಾನೊಮ್ಮೆ ಕೇಳಿದ್ದೆ.

"ಆರಿಸಿ ಕೊಟ್ರ ಕರಾರು, ಸುಮ್ಮ ಕೊಟ್ರ ಧರ್ಮ. ಧರ್ಮದ ಹುಲ್ಲು ನನ್ನ ಎಮ್ಮಿ ಮುಟ್ಟಂಗಿಲ್ಲ. ಭಾಳ ಸೊಕ್ಕಿನವು."

ಕಂಪ್ಯೂಟರಿನವರು ಬಂದರು. ಅಪ್ಪ ನೆಲ ಮಾರಿದರು, ಮರುವರ್ಷ ತೀರಿಕೊಂಡರು. ಕಟ್ಟಡ ಏಳುವುದು ತಡವಾಗಿ, ಬೇಲಿಯೊಳಗೆ ಹುಲ್ಲು ಎದೆಮಟ್ಟ ಬೆಳೆಯಿತು. ಒಂದು ಬೆಳಿಗ್ಗೆ ಅಕ್ಕ ನಮ್ಮ ಬಾಗಿಲಿಗೆ ಬಂದಳು.

"ತಮ್ಮಾ, ವಾಚ್‌ಮನ್ ಮುಫತ್ ಒಯ್ಯಿ ಅಂತಾನ. ಎಮ್ಮಿ ಉಪಾಸ ಅದಾವ ಅಂತ ಕೊಯ್ದೀನಿ. ಎತ್ತಾಕ ಕೈ ಬರವಲ್ದು. ಬಂದು ಆರಿಸಿ ಕೊಡು."

"ನೆಲ ಈಗ ನಮ್ಮದಲ್ಲಕ್ಕಾ."

"ನನಗ ಗೊತ್ತಿಲ್ಲೇನು? ಆರಿಸಾಕ ಬರೋರು ಆ ಕಂಪನಿಯಾಗ ಯಾರರೆ ಅದಾರ?"

ಹೋದೆ. ನನ್ನ ಇಸ್ತ್ರಿ ಅಂಗಿ ಕಂಡು ವಾಚ್‌ಮನ್ ಕಂಪನಿಯ ಸಾಹೇಬನೆಂದು ತಿಳಿದು ಸಲಾಮು ಹೊಡೆದ. ಸ್ವೀಕರಿಸಿದೆ. ಎಡಗಡೆಯ ಗುಡ್ಡೆಗೆ ಬೆರಳು ತೋರಿಸಿದೆ.

"ಅಪ್ಪಾರು ಇಷ್ಟು ಅವಸರ ಮಾಡತಿದ್ದಿಲ್ಲ," ಎಂದಳು.

ಎರಡನ್ನೂ ನಿಧಾನ ಸುತ್ತಿದೆ. ಕೆಮ್ಮಿದೆ. ಮತ್ತೆ ಎಡಗಡೆಯದನ್ನೇ ತೋರಿಸಿದೆ. ಆಮೇಲೆ ಅವಳು ಹೊರೆ ಕಟ್ಟಿದಳು, ತಲೆಗೆ ಎತ್ತಿಕೊಟ್ಟೆ.

ಆ ವರ್ಷ ಹಾಲು ನಮಗೆ ಬರಲಿಲ್ಲ. ನೆಲ ಈಗ ಕಂಪನಿಯದು ಎಂದು ಅದರ ವಾಚ್‌ಮನ್ನನಿಗೆ ಹಾಕಿದಳು. ನ್ಯಾಯವೇ. ನಾವು ಪಾಕೀಟು ಹಾಲಿನ ಚಹಾ ಕುಡಿದು ನ್ಯಾಯವನ್ನು ಸಹಿಸಿಕೊಂಡೆವು.

ಮರುವರ್ಷ ಬುನಾದಿ ತೋಡಿದರು; ಅಕ್ಕ ಎಮ್ಮೆ ಹೊಡೆದುಕೊಂಡು ಊರ ದಾರಿ ಹಿಡಿದಳಂತೆ. ಈಗ ಆ ಕಟ್ಟಡದ ಮುಂದೆ ಹುಲ್ಲುಹಾಸಿದೆ. ಯಂತ್ರದಲ್ಲಿ ಕತ್ತರಿಸಿ, ಚೀಲ ತುಂಬಿ, ಕಸದ ಗಾಡಿಗೆ ಹಾಕುತ್ತಾರೆ. ಕತ್ತರಿಸಿದ ದಿನ ಬಸ್ಸಿನೊಳಗೂ ಹಸಿ ವಾಸನೆ ಬರುತ್ತದೆ. ಆ ದಿನ ನಾನು ಒಂದು ಸ್ಟಾಪು ಮೊದಲೇ ಇಳಿದು ಆ ಹುಲ್ಲಿನ ಪಕ್ಕದಲ್ಲಿ ನಿಧಾನ ನಡೆಯುತ್ತೇನೆ.