ಎರಡೂ ಬಲಗೈಯ ತೋಳುಗಳು

ರವಿಕೆ ಕತ್ತರಿಸುವುದನ್ನು ಹನ್ನೊಂದು ದಿನದಲ್ಲಿ ಕಲಿತೆ ಎಂದು ನಾನು ಒಂದು ಕಾಲದಲ್ಲಿ ಹೇಳಿಕೊಳ್ಳುತ್ತಿದ್ದೆ. ಕೇಳಿದವರಿಗಷ್ಟೇ ಅಲ್ಲ, ಕೇಳದವರಿಗೂ. ನಾನು ಹೆಚ್ಚು ಮಾತಿನವಳಲ್ಲ. ಆದರೂ ಈ ಒಂದು ಮಾತು ಹೇಗೋ ಬಾಯಿಗೆ ಬಂದುಬಿಡುತ್ತಿತ್ತು.

ಆಗಿನ್ನೂ ನಮ್ಮ ಕಡೆ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದು ವರ್ಷ ಪಾಠ ಹೇಳಿ, ಅದನ್ನು ಬಿಟ್ಟು ಬೆಂಗಳೂರಿನ ಬಸವೇಶ್ವರನಗರದಲ್ಲಿ ಒಂದು ಮನೆಯ ರಸ್ತೆ ಕಡೆಯ ಕೋಣೆಯನ್ನು ಬಾಡಿಗೆಗೆ ಹಿಡಿದು ಹೊಲಿಗೆ ಅಂಗಡಿ ಇಟ್ಟಿದ್ದೆ. ಹೊಲಿಗೆ ನನಗೆ ಬರುತ್ತಿತ್ತು, ಕತ್ತರಿಸುವುದು ಬರುತ್ತಿರಲಿಲ್ಲ. ಅದಕ್ಕೆಂದು ಒಬ್ಬ ಕಟಿಂಗ್ ಮಾಸ್ಟರ್ ಇದ್ದರು. ನಾಲ್ಕನೇ ತಿಂಗಳಿಗೆ ಅವರು ಬೇರೆ ಅಂಗಡಿಗೆ ಹೋದರು. ಬೇರೆಯವರನ್ನು ಹುಡುಕುವುದಕ್ಕಿಂತ ನಾನೇ ಕಲಿತರೆ ಬೇಗ ಎಂದುಕೊಂಡೆ. ಓದಿದವಳು ನಾನು; ಕಲಿಯುವುದನ್ನು ಕಲಿತವಳು ಎಂಬ ಹಮ್ಮು.

ಬಾಪೂಜಿನಗರದಲ್ಲಿ ಮನೆಯಲ್ಲೇ ಹೊಲಿಗೆ ಹೇಳಿಕೊಡುವ ಆಂಟಿ ಒಬ್ಬರಿದ್ದರು. ಅವರ ಪದ್ಧತಿ ವಿಚಿತ್ರವಾಗಿತ್ತು. ಇಂದು ಕತ್ತರಿಸಿ ತೋರಿಸಿದ್ದನ್ನು ನಾಳೆ ಏನೂ ನೋಡದೆ ಹಳೆಯ ಪೇಪರಿನಲ್ಲಿ ಕತ್ತರಿಸಬೇಕು. ಎರಡು ದಿನ ಬಿಟ್ಟು ಮತ್ತೆ. ವಾರ ಬಿಟ್ಟು ಮತ್ತೆ. ತಪ್ಪಿದ್ದನ್ನು ಅವರು ಎಸೆಯಲು ಬಿಡುತ್ತಿರಲಿಲ್ಲ. ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದರು. ಉಳಿದ ಹೆಂಗಸರು ನಗುತ್ತಾ ತಮ್ಮ ತಮ್ಮ ತಪ್ಪುಗಳನ್ನು ಚುಚ್ಚುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಅಳತೆ, ಚಿತ್ರ, ಬಾಣದ ಗುರುತು, ಕೆಂಪು ಗೆರೆ.

"ನೋಡಿ ಬರೆದಿದ್ದು ನೋಟ್ಸಿಗೆ ಬರುತ್ತೆ, ಕೈಗೆ ಬರಲ್ಲ ಕಣೇ" ಎಂದರು ಆಂಟಿ ಒಂದು ದಿನ. "ಪುಸ್ತಕ ಮುಚ್ಚು. ಒಂದು ತೋಳು ಕತ್ತರಿಸು ನೋಡೋಣ."

"ಬಸ್ಸಿಗೆ ಹೊತ್ತಾಯ್ತು ಆಂಟಿ, ಮನೇಲಿ ಮಾಡ್ತೀನಿ."

"ಮಾಡ್ತೀಯ, ಮಾಡ್ತೀಯ. ಎಂ.ಎಸ್ಸಿ. ಅಲ್ವಾ!"

ಹೆಂಗಸರೆಲ್ಲ ನಕ್ಕರು. ಆ ಮೊಳೆಗೆ ನನ್ನದೊಂದು ಕಾಗದ ಏರುವುದು ನನಗೆ ಬೇಡವಾಗಿತ್ತು. ಹನ್ನೊಂದನೆಯ ದಿನಕ್ಕೆ ಪುಸ್ತಕ ತುಂಬಿತು, ನಾನು ಹೋಗುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಮೂರು ಪೇಪರ್ ಕತ್ತರಿಸಿದೆ. ಮೂರೂ ಪುಸ್ತಕ ನೋಡಿಕೊಂಡು.

ಮುಂದಿನ ವಾರ ಅಂಗಡಿಗೆ ಒಬ್ಬ ತಾಯಿ, ಮಗಳು ಬಂದರು. ಮಗಳು ತುಂಬು ಬಸುರಿ, ನಮ್ಮ ಹಿಂದಿನ ರಸ್ತೆಯಲ್ಲೇ ಬಾಡಿಗೆಗಿದ್ದವಳು. ತಾಯಿ ಬಾಗಲಕೋಟೆ ಕಡೆಯಿಂದ ಬಂದಿದ್ದರು. ಚೀಲದಿಂದ ರವಿಕೆಗೆಂದು ಒಂದು ಹಸಿರು ಖಣದ ಬಟ್ಟೆ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು.

"ಮಗಳ ಕುಬಸದ ಖಣ ಐತಿ ತಂಗಿ. ಗುಳೇದಗುಡ್ಡಕ್ಕ ನಾನ ಹೋಗಿ ಆರಿಸಿ ತಂದೀನಿ. ಎರಡೂ ತೋಳಿಗೆ ಅಂಚು ಬರಬೇಕು ನೋಡು."

ಕುಬಸ ಎಂದರೆ ಅವರ ಕಡೆಯ ಸೀಮಂತ. ತವರಿನವರು ತಂದ ಹಸಿರು ಸೀರೆ, ಹಸಿರು ರವಿಕೆಯನ್ನು ಬಸುರಿಗೆ ಉಡಿಸಿ ಆರತಿ ಮಾಡುತ್ತಾರೆ. ಅಲ್ಲಿ ಎಲ್ಲರ ಕಣ್ಣೂ ಆ ರವಿಕೆಯ ಮೇಲೆಯೇ.

ರವಿಕೆಯ ತೋಳನ್ನು ಕಂಕುಳ ಬಳಿ ಒಳಕ್ಕೆ ಬಾಗಿಸಿ ಕತ್ತರಿಸುತ್ತಾರೆ; ಮುಂದಿನ ಕಡೆ ಆ ತಗ್ಗು ಹೆಚ್ಚು, ಬೆನ್ನಿನ ಕಡೆ ಕಡಿಮೆ. ಬಟ್ಟೆ ಮಡಚಿ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಎಡ ಬಲ ತಾನಾಗಿ ಸರಿಹೋಗುತ್ತದೆ. ಖಣಕ್ಕೆ ಎರಡು ಬದಿಯಲ್ಲೂ ಅಂಚು. ಮಡಚಿದರೆ ಅಂಚು ಜಾರೀತೆಂದು ಹೆದರಿ ನಾನು ಬಟ್ಟೆಯನ್ನು ಬಿಡಿಸಿ ಹಾಸಿ, ಕಾಗದದ ತೋಳನ್ನು ಒಂದು ಅಂಚಿಗಿಟ್ಟು ಕತ್ತರಿಸಿದೆ. ಆಮೇಲೆ ಅದನ್ನೇ ತಿರುಗಿಸಿ ಇನ್ನೊಂದು ಅಂಚಿಗಿಟ್ಟು ಕತ್ತರಿಸಿದೆ. ಕಾಗದವನ್ನು ದೋಸೆಯಂತೆ ಮಗುಚಬೇಕಿತ್ತು. ನಾನು ಬರೀ ತಿರುಗಿಸಿದ್ದೆ.

ಎರಡೂ ಬಲಗೈಯ ತೋಳುಗಳು. ಸಾದಾ ಬಟ್ಟೆಯಾಗಿದ್ದರೆ ಒಂದನ್ನು ಒಳಹೊರಗು ಮಾಡಿ ಹೊಲಿಯಬಹುದಿತ್ತು. ಖಣದ ಹೊರಮೈಯೇ ಬೇರೆ, ಒಳಮೈಯೇ ಬೇರೆ. ಪುಸ್ತಕ ತೆರೆದು ನೋಡಿದೆ. 'ಬಿಡಿಸಿ ಹಾಸಿ ಕತ್ತರಿಸುವಾಗ ಎರಡನೇ ತೋಳಿಗೆ ಕಾಗದ ಮಗುಚುವುದು.' ನನ್ನದೇ ಅಕ್ಷರ. ಕೆಳಗೆ ಕೆಂಪು ಗೆರೆ.

ಆಂಟಿಯ ಬಳಿ ಹೋಗಲು ಮುಖವಿರಲಿಲ್ಲ. ನನಗೆ ತೋಚಿದಂತೆ ಎರಡನೇ ತೋಳಿನ ಬೆನ್ನಿನ ಕಡೆಯನ್ನೂ ತಗ್ಗು ಮಾಡಿದೆ. ಬಟ್ಟೆ ಸಾಲದಾಯಿತು. ಕಂಕುಳಲ್ಲಿ ಒಂದು ಸಾದಾ ಹಸಿರು ತುಂಡು ಸೇರಿಸಿ ಹೊಲಿದೆ. ಬಣ್ಣ ಹತ್ತಿರದ್ದಾಗಿತ್ತು, ಅದೇ ಆಗಿರಲಿಲ್ಲ.

ತಾಯಿ ರವಿಕೆಯನ್ನು ಬೆಳಕಿಗೆ ಹಿಡಿದರು. ಬೆರಳು ಆ ತುಂಡಿನ ಮೇಲೆ ನಿಂತಿತು.

"ಇದೇನ ತಂಗಿ?"

"ಬಟ್ಟೆ ಸಾಲಲಿಲ್ಲ ಅಮ್ಮಾ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಇದನ್ನು ಮಾತ್ರ ನಾನು ಬರೆದುಕೊಂಡು ಕಲಿತಿರಲಿಲ್ಲ.

"ಒಂದ ಗೇಣು ಹೆಚ್ಚಿಗಿ ತಗೊ ಅಂತ ಫೋನಿನ್ಯಾಗ ಬಡ್ಕೊಂಡಿದ್ದಿಲ್ಲೇನ ಯವ್ವಾ?" ಎಂದಳು ಮಗಳು.

"ತಪ್ಪಾತವಾ. ಅಂಗಡಿಯಾಂವ ಸಾಕು ಅಂದ, ನಾನೂ ಹ್ಞೂಂ ಅಂದೆ." ಆ ತಾಯಿ ನನ್ನ ಕಡೆ ತಿರುಗಿ, "ನಿನಗೂ ತ್ರಾಸು ಕೊಟ್ಟೆ ತಂಗಿ" ಎಂದರು. ಕುಬಸಕ್ಕೂ ಕರೆದರು.

ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ. ಮಗಳು ಹೊಸ ಬಳೆ ತೋರಿಸಲು ಕೈ ಎತ್ತಿದಾಗ ಕಂಕುಳ ತುಂಡು ಕಂಡಿತು. ಅವಳ ಅತ್ತೆಯ ಕಡೆಯ ಹೆಂಗಸೊಬ್ಬಳು ಬಾಗಿ ನೋಡಿದಳು.

"ಕುಬಸಕ್ಕ ತ್ಯಾಪಿ ಹಚ್ಯಾರಲ್ಲ! ತವರವ್ರು ಖಣದಾಗೂ ಕೈ ಬಿಗಿ ಹಿಡದಾರ ನೋಡ್ರಿ."

"ಬೆಂಗಳೂರ ಬಸ್ ಚಾರ್ಜ್ ಜಾಸ್ತಿ ಆಗೇತಿ ಬಿಡ್ರಿ" ಎಂದಳು ಇನ್ನೊಬ್ಬಳು.

ನಗು ಎದ್ದಿತು. ತಾಯಿಯೂ ನಕ್ಕರು. ನಗುತ್ತಲೇ ಮಗಳ ಸೆರಗನ್ನು ಎಳೆದು ಆ ತುಂಡು ಮುಚ್ಚಿದರು. ಆರತಿ ಮುಗಿಯುವವರೆಗೆ ಅವರ ಕೈ ಆ ಸೆರಗನ್ನು ಬಿಡಲಿಲ್ಲ. ಅವರಿಂದ ಎರಡು ಮಾರು ದೂರದಲ್ಲಿ ನಾನಿದ್ದೆ. ಒಂದು ವಾಕ್ಯ ಸಾಕಿತ್ತು. ನಾನು ತಟ್ಟೆಯಲ್ಲಿದ್ದ ಹೋಳಿಗೆ ಮುರಿದು ತಿಂದೆ.

ಮರುದಿನ ಬಾಪೂಜಿನಗರಕ್ಕೆ ಹೋದೆ. ಪುಸ್ತಕ ಒಯ್ಯಲಿಲ್ಲ. ಆಂಟಿ ಪೇಪರ್ ಮತ್ತು ಕತ್ತರಿ ಕೊಟ್ಟರು. ನನ್ನ ಮೊದಲ ತೋಳು ಮೊಳೆಗೆ ಏರಿತು. ಎರಡನೆಯದೂ. ಕೆಲವು ತಿಂಗಳು ಹೋದೆ. ಈಗ ಕಣ್ಣು ಮುಚ್ಚಿ ಕತ್ತರಿಸಿದರೂ ಎಡ ಬಲ ತಪ್ಪುವುದಿಲ್ಲ. ಕಲಿತದ್ದಕ್ಕೆ ಹೆಮ್ಮೆಪಡಬಹುದಿತ್ತು. ಆದರೆ ಕಾಗದ ಮಗುಚಿದಾಗಲೆಲ್ಲ ಆ ಸೆರಗು ಹಿಡಿದ ಕೈ ಕಾಣುತ್ತದೆ.

ಮೊಮ್ಮಗುವಿನ ನಾಮಕರಣಕ್ಕೆ ಆ ತಾಯಿ ಮತ್ತೆ ಊರಿನಿಂದ ಬಂದರು. ಈ ಸಲ ಮಗಳಿಗೇ ಇನ್ನೊಂದು ಖಣ.

"ಒಂದ ಗೇಣು ಹೆಚ್ಚಿಗಿ ತಂದೀನಿ. ಸಾಲತೈತೇನ ನೋಡು."

ಅವರು ಬೆಂಚಿನ ಮೇಲೆ ಕೂತಿದ್ದಂತೆಯೇ ಕತ್ತರಿಸಿದೆ. ಬೆನ್ನು, ಎದೆ, ಎರಡು ಅಂಚಿಗೆ ಎರಡು ತೋಳು. ಕೊನೆಯಲ್ಲಿ ಒಂದು ಗೇಣು ಬಟ್ಟೆ ಹಾಗೆಯೇ ಉಳಿಯಿತು. ಅವರು ಎದ್ದು ಬಂದು ಅದರ ಮೇಲೆ ತಮ್ಮ ಕೈಯಿಟ್ಟು ಅಳೆದರು.

"ಹಂಗಾರ ಅವತ್ತಿಂದೂ ಸಾಲತಿತ್ತಲ್ಲ?"

"ಸಾಲ್ತಿತ್ತು ಅಮ್ಮಾ. ನಾನು ತಪ್ಪಾಗಿ ಕತ್ತರಿಸಿದ್ದೆ. ಸುಳ್ಳು ಹೇಳಿದೆ."

ಅವರು ಬಟ್ಟೆಯ ಮೇಲಿನ ಕೈ ತೆಗೆದರು. ಬೈಯಲಿಲ್ಲ.

"ಇದನ್ನ ಅವತ್ತ ಆ ಹೆಣ್ಮಕ್ಕಳ ಮುಂದ ಹೇಳಬೇಕಿತ್ತ ತಂಗಿ" ಎಂದರು. "ಈಗ ನನಗ ಹೇಳಿ ಏನ ಮಾಡ್ತಿ?"

ಉಳಿದ ಚೂರು ಹೊಲಿಯುವವರಿಗೇ ಎಂಬುದು ಎಲ್ಲ ಅಂಗಡಿಯ ವಾಡಿಕೆ. ಅವರು ಆ ಒಂದು ಗೇಣನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಚೀಲದೊಳಗಿಟ್ಟುಕೊಂಡು ಹೋದರು.