ಟೋಕಿಯೋದಲ್ಲಿ ಎರಡನೆಯ ಲೋಟದ ಕುರಿತು ನಿವೇದನೆ

ಮಾನ್ಯ ಓದುಗರಲ್ಲಿ,

ಮಿಶಿಗನ್‌ನ ರಾಚೆಸ್ಟರ್ ಹಿಲ್ಸ್ ನಿವಾಸಿಯಾದ ನಾನು ಟೋಕಿಯೋ ನಗರಕ್ಕೆ ಒಬ್ಬಳೇ ಬಂದ ಎರಡನೆಯ ದಿನ, ರೈಲು ನಿಲ್ದಾಣದ ಪಕ್ಕದ ಸಣ್ಣ ಕಾಫಿ ಅಂಗಡಿಯಿಂದ ಇದನ್ನು ನಿವೇದಿಸಿಕೊಳ್ಳುತ್ತಿದ್ದೇನೆ. ಬರೆದು ಅಭ್ಯಾಸವಿಲ್ಲ, ತಪ್ಪಿದ್ದಲ್ಲಿ ಮನ್ನಿಸಬೇಕು.

ಅಂಗಡಿಯಲ್ಲಿ ಒಂದೇ ಉದ್ದನೆಯ ಮೇಜು, ಆರು ಕುರ್ಚಿ. ಬಂದವರೆಲ್ಲ ಒಬ್ಬೊಬ್ಬರೇ. ಜೊತೆಗೆ ಯಾರೂ ಬರಲಿಲ್ಲವೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮ ಕನ್ನಡ ಕೂಟದ ಊಟದಲ್ಲಿ ಆ ಪ್ರಶ್ನೆಯನ್ನು ದಾಟದೆ ಪಲ್ಯದವರೆಗೆ ಹೋಗಲಾಗದು. ಆದರೂ ಅಲ್ಲಿಯ ಅಭ್ಯಾಸಬಲದಿಂದ ನಾನು ಕುಳಿತ ಕೂಡಲೇ ಪಕ್ಕದ ಕುರ್ಚಿಗೆ ಶಾಲು ಹಾಕಿ ಜಾಗ ಹಿಡಿದೆನು. ಅದನ್ನು ಕಂಡ ಅಂಗಡಿಯ ಅಜ್ಜಿ, ಬರಲಿರುವವರಿಗೆಂದು ಎರಡನೆಯ ಲೋಟ ನೀರನ್ನೂ ತಂದಿಟ್ಟರು.

ಆಗಲೇ ಮಿಶಿಗನ್‌ನಿಂದ ಮಗಳ ಕರೆ ಬಂದಿತು.

"ಅಮ್ಮಾ, ಗ್ರೂಪ್ ಟೂರ್ ಬುಕ್ ಮಾಡಿದೀನಿ. ಹತ್ತು ಗಂಟೆಗೆ ಹೋಟೆಲ್ ಹತ್ರ ಪಿಕಪ್. ಪ್ಲೀಸ್, ಡೋಂಟ್ ಡೂ ದಿಸ್ ಅಲೋನ್!"

"ಕ್ಯಾನ್ಸಲ್ ಮಾಡು ಪುಟ್ಟಿ."

"ವಾಟ್ ಇಫ್ ಯೂ ಗೆಟ್ ಲಾಸ್ಟ್?"

"ನಿನ್ನೆ ಎರಡು ಸಲ ಕಳೆದುಹೋಗಿದ್ದೆ ಕಣೇ. ಎರಡು ಸಲಾನೂ ನಾನೇ ದಾರಿ ಹುಡ್ಕೊಂಡೆ. ಬಾವುಟ ಹಿಡ್ಕೊಂಡಿರೋ ಗೈಡ್ ಹಿಂದೆ ಸಾಲಾಗಿ ನಡಿಯಕ್ಕೆ ನಾನೇನು ಸ್ಕೂಲ್ ಮಗೂನಾ?"

ಕರೆ ಮುಗಿಸಿ, ಸದರಿ ಶಾಲನ್ನು ತೆಗೆದು ಹೆಗಲಿಗೆ ಹಾಕಿಕೊಂಡೆನು. ಅಜ್ಜಿ ಬಾಗಿಲ ಕಡೆ ನೋಡಿ, ನನ್ನ ಕಡೆ ನೋಡಿದರು. ನಾನು ಒಂದೇ ಬೆರಳೆತ್ತಿ ತೋರಿಸಿದೆನು. ಅವರು ತಲೆಬಾಗಿ, ಎರಡನೆಯ ಲೋಟ ತೆಗೆಯಲು ಕೈಚಾಚಿದರು. ನಾನು ಬಿಡಲಿಲ್ಲ. ಎರಡೂ ಲೋಟದ ನೀರನ್ನು ನಾನೇ ಕುಡಿದೆನೆಂದು ತಮ್ಮ ಗಮನಕ್ಕೆ ತರುತ್ತೇನೆ.